ಎಸರಿಗೆ ಬಿಸಿಲು: ನಮ್ಮ ಸಂಘದ ಕ್ಯಾಂಟೀನಿಗೆ ಸೋಲಾರ್ ಹಾಕಿಸಿದ ಕಥೆ

ಪಾವಗಡ ತಾಲ್ಲೂಕಿನ ರಸ್ತೆ ಬದಿಯಲ್ಲಿ ನಮ್ಮ ಮಹಿಳಾ ಸಂಘದ ಪುಟ್ಟ ಕ್ಯಾಂಟೀನ್ ಇದೆ. ಬೆಳಿಗ್ಗೆ ಚಿತ್ರಾನ್ನ, ಟೀ. ಮಧ್ಯಾಹ್ನ ಮುದ್ದೆ, ಹುರುಳಿಕಾಳು ಸಾರು, ಅನ್ನ. ಹನ್ನೆರಡು ಜನ ಸರದಿ ಮೇಲೆ ಕೆಲಸ ಮಾಡುತ್ತೇವೆ, ಲೆಕ್ಕ ಬರೆಯುವುದು ನನ್ನ ಪಾಲು.

19 ಕೆ.ಜಿ.ಯ ಕಮರ್ಷಿಯಲ್ ಸಿಲಿಂಡರ್ ಎಂಟು ದಿನಕ್ಕೆ ಮುಗಿಯುತ್ತಿತ್ತು. ಬೇಳೆ ಬೇಯಿಸುವುದಕ್ಕೇ ಗ್ಯಾಸೆಲ್ಲ ಹೋಗುತ್ತದೆ ಅಂದುಕೊಂಡಿದ್ದೆವು. ಒಂದು ವಾರ ಒಲೆ ಪಕ್ಕ ಕೂತು ನೋಡಿದೆ. ಉರಿ ಹೆಚ್ಚು ಹೊತ್ತು ಇರುತ್ತಿದ್ದದ್ದು ಬರೀ ನೀರಿನ ಕೆಳಗೆ: ಮುದ್ದೆಗೆ ಎಸರು, ಅನ್ನಕ್ಕೆ ಎಸರು, ಟೀಗೆ ನೀರು.

ಲೆಕ್ಕ ಸುಲಭದ್ದು. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಒಂದು ಕಿಲೋ ಕ್ಯಾಲರಿ ಬೇಕು. 100 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ತರಲು 3,500. ಒಂದು ಕಿಲೋ ಗ್ಯಾಸಿನಲ್ಲಿ ಸುಮಾರು 11,000 ಇದ್ದರೂ ಪಾತ್ರೆಗೆ ಸೇರುವುದು ಅರ್ಧವೇ ಎಂದು ಹಿಡಿದೆ. ಅಂದರೆ ದಿನಕ್ಕೆ ಆರುನೂರು ಚಿಲ್ಲರೆ ಗ್ರಾಂ ಗ್ಯಾಸು, ನೀರನ್ನು ಬೆಚ್ಚಗೆ ಮಾಡುವುದಕ್ಕಷ್ಟೇ! ಪಕ್ಕದಲ್ಲೇ ತಿರುಮಣಿ ಕಡೆ 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಹಾಸಿಕೊಂಡಿದೆ. ಅದರ ಬಗಲಲ್ಲಿ ಕೂತು ನಾವು ನೀರಿಗೆ ಗ್ಯಾಸು ಸುಡುತ್ತಿದ್ದೆವು.

100 ಲೀಟರಿನ, ಗಾಜಿನ ಟ್ಯೂಬಿನ ಸೋಲಾರ್ ವಾಟರ್ ಹೀಟರ್ ತರುವುದು ಅಂತಾಯಿತು. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ತೊಡಕಾದದ್ದು ನೀರು. ಬೋರಿನ ಪೈಪನ್ನೇ ನೇರ ಜೋಡಿಸೋಣ ಎಂದು ಪ್ಲಂಬರ್ ಹೇಳಿದಾಗ ನಾನೂ ತಲೆಯಾಡಿಸಿದ್ದೆ. ಮುದ್ದೆ ತೊಳಸುವ ಅಕ್ಕ ಬಿಡಲಿಲ್ಲ. "ನಮ್ಮೂರ ಮಕ್ಕಳ ಹಲ್ಲು ನೋಡಿದೀಯಲ್ಲಮ್ಮ, ಆ ನೀರಲ್ಲಿ ಊರಿಗೆಲ್ಲ ಮುದ್ದೆ ಮಾಡಿ ಹಾಕ್ತೀಯಾ?" ಅಂದಳು. ಅವಳು ಹೇಳಿದ್ದು ಸರಿ. ನಮ್ಮ ಬೋರಿನ ನೀರಲ್ಲಿ ಹಲ್ಲು ಕಲೆಗಟ್ಟಿಸುವ ಫ್ಲೋರೈಡ್ ಇದೆ, ಅದು ಕುದಿಸಿದರೆ ಹೋಗುವಂಥದ್ದಲ್ಲ. ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಹಾಗಾಗಿ ಅಡುಗೆಗೆ ಮೊದಲಿಂದ ತರುತ್ತಿದ್ದ ಫಿಲ್ಟರ್ ನೀರಿನ ಕ್ಯಾನುಗಳನ್ನೇ ಸೋಲಾರಿಗೂ ಹಾಕುವುದೆಂದು ಗೊತ್ತು ಮಾಡಿದೆವು. ಟ್ಯೂಬಿನೊಳಗೆ ಉಪ್ಪು ಕಟ್ಟುವುದೂ ತಪ್ಪಿತು.

ಆದರೆ ಆ ಕ್ಯಾನುಗಳನ್ನು ಮೇಲೆ ಹೊರುವವರು ಯಾರು? ನಮ್ಮದು ಶೀಟಿನ ಮಾಡು, ತೂಕ ತಡೆಯುವುದೂ ಇಲ್ಲ. ಅಂಗಡಿ ಪಕ್ಕ ನೆಲದ ಮೇಲೇ ಎರಡಡಿ ಕಟ್ಟೆ ಕಟ್ಟಿಸಿ ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿದೆವು. ತಣ್ಣೀರಿನ ಡ್ರಮ್ಮು ಸೋಲಾರ್ ಟ್ಯಾಂಕಿಗಿಂತ ಒಂದಡಿ ಮೇಲೆ, ಕಬ್ಬಿಣದ ಆಂಗಲ್ ಸ್ಟ್ಯಾಂಡಿನ ಮೇಲೆ. ಕ್ಯಾನುಗಳನ್ನು ಕೆಳಗಿನ ಡ್ರಮ್ಮಿಗೆ ಸುರಿದರೆ ಅರ್ಧ ಎಚ್‌ಪಿ ಮೋಟಾರು ಮೇಲೆತ್ತುತ್ತದೆ. ಬಿಸಿನೀರಿನ ಲೈನಿಗೆ ಸಿಪಿವಿಸಿ ಪೈಪೇ ಬೇಕು, ಮಾಮೂಲಿ ಪಿವಿಸಿ ಬಿಸಿಗೆ ಮೆತ್ತಗಾಗಿ ಜೋಲುತ್ತದೆ. ಸೋಲಾರ್ ಟ್ಯಾಂಕಿನಿಂದ ಗಾಳಿ ಹೊರಹೋಗುವ ಪೈಪಿನ ತುದಿ ಡ್ರಮ್ಮಿನ ನೀರಿನ ಮಟ್ಟಕ್ಕಿಂತ ಮೇಲಿರಲಿ, ಇಲ್ಲದಿದ್ದರೆ ಅಲ್ಲಿಂದಲೇ ನೀರು ಸುರಿಯುತ್ತದೆ.

ಮೇ ತಿಂಗಳು. ಟ್ಯೂಬು ಜೋಡಿಸಿ ಮುಗಿಸುವಾಗ ಮಧ್ಯಾಹ್ನ ಹನ್ನೆರಡು. ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ಮೋಟಾರು ಹಾಕಿದೆವು. ಕಾಯಿ ಒಡೆದ ಎರಡು ನಿಮಿಷಕ್ಕೆ ಠಪ್ ಠಪ್ ಎಂದು ಎರಡು ಟ್ಯೂಬು ಒಡೆದವು. ಬಿಸಿಲಲ್ಲಿ ಖಾಲಿ ಬಿದ್ದಿದ್ದ ಗಾಜು ಒಳಗೆ ಕಾದ ಬಾಣಲೆಯಂತಾಗಿತ್ತು, ಅದಕ್ಕೆ ತಣ್ಣೀರು ಬಿತ್ತು. ತಪ್ಪು ಪೂರ್ತಿ ನಮ್ಮ ಅವಸರದ್ದು. ಹೊಸ ಟ್ಯೂಬು ಬಂದ ಮೇಲೆ ಹಗಲೆಲ್ಲ ಗೋಣಿಚೀಲ ಹೊದಿಸಿಟ್ಟು, ಹೊತ್ತು ಮುಳುಗಿ ಗಾಜು ತಣಿದ ಮೇಲೆ ನೀರು ತುಂಬಿದೆವು.

ಮಾರನೆ ಸಂಜೆ ಹಾಲಿನ ಡೈರಿಯಿಂದ ಥರ್ಮಾಮೀಟರ್ ತಂದು ಅದ್ದಿದರೆ 62 ಡಿಗ್ರಿ! ಆದರೆ ಬೆಳಿಗ್ಗೆ ಐದಕ್ಕೆ ನೋಡಿದರೆ ಉಗುರುಬೆಚ್ಚಗೆ. ಟ್ಯಾಂಕು ಬಿಸಿ ಹಿಡಿಯುತ್ತಿಲ್ಲ ಎಂದು ಪ್ಲಂಬರಿಗೆ ಬೈದೆ, ಪಾಪ. ಆಮೇಲೆ ತಿಳಿಯಿತು: ಸಂಜೆ ಟೀಗೆ ಬಂದವರೆಲ್ಲ ಆ ನಲ್ಲಿಯಲ್ಲೇ ಮುಖ ತೊಳೆದಿದ್ದರು. ಬಿಸಿನೀರು ಹೋದಷ್ಟೂ ತಣ್ಣೀರು ಒಳಗೆ ಬಂದು ಬೆರೆತಿತ್ತು. ಬೋರ್ಡು ಬರೆದು ಹಾಕಿದ್ದು ಪ್ರಯೋಜನಕ್ಕೆ ಬರಲಿಲ್ಲ. ಕೊನೆಗೆ ನಲ್ಲಿಯ ಹಿಡಿಯನ್ನೇ ಬಿಚ್ಚಿ ಗಲ್ಲಾಪೆಟ್ಟಿಗೆಯ ಬೀಗದ ಕೈ ಗೊಂಚಲಿಗೆ ಸೇರಿಸಿದೆ. ಬೆಳಿಗ್ಗೆ ಐದಕ್ಕೊಮ್ಮೆ, ಹನ್ನೊಂದಕ್ಕೊಮ್ಮೆ ಹಿಡಿ ಹೊರಗೆ ಬರುತ್ತದೆ. ಆಮೇಲೆ ಮುಚ್ಚಿಟ್ಟರೆ ಮಧ್ಯಾಹ್ನದ ಬಿಸಿಲು ಮರುದಿನದ ನೀರನ್ನು ಕಾಯಿಸಿಡುತ್ತದೆ. ಈಗ ಬೆಳಿಗ್ಗೆಯೂ 50 ದಾಟುತ್ತದೆ. ಆ ನೀರನ್ನು ಕುದಿಸದೆ ಯಾರಿಗೂ ಕುಡಿಯಲು ಕೊಡುವುದಿಲ್ಲ.

ಇನ್ನೊಂದು ಲೆಕ್ಕ ತಪ್ಪಿದ್ದು ಡಿಸೆಂಬರಿನಲ್ಲಿ. ಮೇನಲ್ಲಿ ಸೂರ್ಯ ನೆತ್ತಿ ಮೇಲಿದ್ದ, ಎದುರಿನ ಹೊಂಗೆ ಮರದ ನೆರಳು ಕಟ್ಟೆಗೆ ತಾಗಿರಲಿಲ್ಲ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ನೆರಳು ಉದ್ದವಾಗಿ ಟ್ಯೂಬಿನ ಮೇಲೇ ಬಂತು. ಗಿರಾಕಿಗಳು ಕೂರುವ ಮರ ಅದು, ಕಡಿಯಲು ಮನಸ್ಸು ಬರಲಿಲ್ಲ. ಒಂದು ಕೊಂಬೆ ಸವರಿಸಿ ಉಳಿದದ್ದನ್ನು ಸಹಿಸಿಕೊಂಡಿದ್ದೇವೆ.

ಕಟ್ಟೆ, ಮೋಟಾರು, ಒಡೆದ ಟ್ಯೂಬು ಎಲ್ಲ ಸೇರಿ 24,000 ರೂಪಾಯಿ ಆಯಿತು. ಸಂಘದ ಉಳಿತಾಯದಿಂದಲೇ ಸಾಲ ಎತ್ತಿದ್ದೆವು, ಇಪ್ಪತ್ತು ತಿಂಗಳಿಗೆ ತೀರಿತು. ನೂರು ಲೀಟರಿನಲ್ಲಿ ಒಲೆಗೆ ಹೋಗುವುದು ಮುಕ್ಕಾಲು, ಮಿಕ್ಕದ್ದು ಜಿಡ್ಡಿನ ಪಾತ್ರೆಗೆ. ಹಾಗಾಗಿ ಕಾಗದದ ಲೆಕ್ಕದಷ್ಟು ಉಳಿಯಲಿಲ್ಲ. ಸಿಲಿಂಡರ್ ಬದಲಾಯಿಸಿದ ತಾರೀಖನ್ನು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇವೆ. ಎಂಟು ದಿನ ಬರುತ್ತಿದ್ದದ್ದು ಈಗ ಹತ್ತು ದಿನ ಬರುತ್ತದೆ, ಆಷಾಢದ ಮೋಡದಲ್ಲಿ ಒಂಬತ್ತು.