ಹೊರದೇಶದ ದಾನ: ಹಣಕ್ಕಿಂತ ಮೊದಲು ಪಾಸ್‌ಪೋರ್ಟ್ ತರಿಸಿ

ಶಹಾಪುರದ ಕಡೆಯ ಟ್ರಸ್ಟೊಂದು ವಾಚನಾಲಯ ಕಟ್ಟಲು ಹೊರಟಾಗ ಅಮೆರಿಕದಲ್ಲಿರುವ ಊರಿನ ಹುಡುಗ ಎರಡು ಲಕ್ಷ ರೂಪಾಯಿ ಕಳುಹಿಸಿದ. ಹಣ ಮಾಮೂಲಿ ಖಾತೆಗೇ ಬಂತು. ಗೋಡೆ ಛಾವಣಿ ಮಟ್ಟಕ್ಕೆ ಏರುವ ಹೊತ್ತಿಗೆ ಲೆಕ್ಕಪರಿಶೋಧಕರು ಕೇಳಿದರು: ‘ಅವರು ಯಾವ ದೇಶದ ಪ್ರಜೆ?’ ಯಾರಿಗೂ ಗೊತ್ತಿರಲಿಲ್ಲ. ಕೆಲಸ ಅಲ್ಲಿಗೇ ನಿಂತಿತು.

ಇಂಥ ತಪ್ಪು ನಮ್ಮ ಭಾಗದಲ್ಲಿ ಬಹಳ. 2010ರ ವಿದೇಶಿ ದೇಣಿಗೆ ಕಾಯ್ದೆ ಮೊದಲು ಕೇಳುವುದೇ ದಾನಿಯ ಪೌರತ್ವ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ದುಬೈನಲ್ಲಿ ದುಡಿಯುವವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪ್ರಜೆಯಾದವರು ಆಳಂದದಲ್ಲೇ ಹುಟ್ಟಿರಲಿ, ಜಾತ್ರೆಗೆ ಬಂದಾಗ ರೂಪಾಯಿಯಲ್ಲೇ ಕೊಡಲಿ, ಅದು ವಿದೇಶಿ ದೇಣಿಗೆಯೇ. ಜನ ಎಡವುವುದು ಒಸಿಐ ಪುಸ್ತಿಕೆ ನೋಡಿ; ಅದು ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ನಮ್ಮ ಸರ್ಕಾರ ಕೊಡುವ ಗುರುತಿನ ಪುಸ್ತಿಕೆ. ಮುಖಪುಟದಲ್ಲಿ ಅಶೋಕ ಲಾಂಛನವಿದೆ, ‘ಸಿಟಿಜನ್’ ಎಂಬ ಪದವೂ ಇದೆ. ಆದರೂ ಅದನ್ನು ಹಿಡಿದವರು ಪರದೇಶದ ಪ್ರಜೆಗಳು. ಪಾಸ್‌ಪೋರ್ಟಿನ ಫೋಟೊ ಪುಟವನ್ನೇ ತರಿಸಿ, ರಾಷ್ಟ್ರೀಯತೆಯ ಸಾಲನ್ನು ಬೆರಳಿಟ್ಟು ಓದಿ, ಪ್ರತಿಯನ್ನು ಕಡತದಲ್ಲಿಡಿ. ನಮ್ಮವರನ್ನು ಹೇಗೆ ಕೇಳುವುದೆಂಬ ಸಂಕೋಚ ಖಂಡಿತ ಬೇಡ.

ದಾನಿ ವಿದೇಶಿಯಾದರೆ ಕೇಂದ್ರ ಗೃಹ ಸಚಿವಾಲಯದ ಅನುಮತಿ ಬೇಕು. ಮೂರು ವರ್ಷ ಹಳೆಯದಾಗಿ, ಹಿಂದಿನ ಮೂರು ವರ್ಷಗಳಲ್ಲಿ ಒಟ್ಟು 15 ಲಕ್ಷ ರೂಪಾಯಿ ಸೇವಾ ಕಾರ್ಯಕ್ಕೆ ಖರ್ಚು ಮಾಡಿರುವ ಸಂಸ್ಥೆ ನೋಂದಣಿ ಕೇಳಬಹುದು. ಸಣ್ಣ ಟ್ರಸ್ಟ್‌ಗಳಿಗೆ ಪೂರ್ವಾನುಮತಿಯೇ (ಗೊತ್ತಾದ ದಾನಿಯಿಂದ ಗೊತ್ತಾದ ಕೆಲಸಕ್ಕೆ ಹಣ ಪಡೆಯಲು ಮೊದಲೇ ಕೇಳುವ ಒಪ್ಪಿಗೆ) ಸರಿಯಾದ ದಾರಿ: ನಮೂನೆ ಎಫ್‌ಸಿ-3ಬಿ, ದಾನಿಯ ಬದ್ಧತಾ ಪತ್ರ, ಯೋಜನಾ ವರದಿ. ‘ಎಲ್ಲ ನಾವೇ ಮಾಡಿಸಿಕೊಡುತ್ತೇವೆ’ ಎನ್ನುವ ಮಧ್ಯವರ್ತಿಗಳಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಸೋದರಮಾವನ ಖಾತೆಗೆ ತರಿಸಿ, ಅಲ್ಲಿಂದ ಟ್ರಸ್ಟ್‌ಗೆ ದಾಟಿಸುವ ಉಪಾಯವನ್ನಂತೂ ಮಾಡಲೇಬೇಡಿ.

ಹಣ ಇಳಿಯಬೇಕಾದದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯಲ್ಲಿ ನಿಮ್ಮ ಟ್ರಸ್ಟ್ ಇದಕ್ಕೆಂದೇ ತೆರೆದ ಖಾತೆಗೆ ಮಾತ್ರ. ಇದಕ್ಕಾಗಿ ಕಲಬುರಗಿಯಿಂದ ರೈಲು ಹತ್ತಬೇಕಿಲ್ಲ, ಹತ್ತಿರದ ಎಸ್‌ಬಿಐ ಶಾಖೆಯಲ್ಲೇ ಕಾಗದ ಪತ್ರ ಕೊಡಬಹುದು. ಊರಿನ ದೇಣಿಗೆಯ ಒಂದು ರೂಪಾಯಿಯೂ ಆ ಖಾತೆಗೆ ಬೆರೆಯಬಾರದು.

ನೋಂದಣಿ ಇರುವ ಬೇರೆ ಸಂಸ್ಥೆ ಹಣ ಪಡೆದು ನಿಮಗೆ ಹಂಚುವುದು 2020ರ ತಿದ್ದುಪಡಿಯ ನಂತರ ನಿಷಿದ್ಧ. ಅದೇ ಸಂಸ್ಥೆ ನಿಮ್ಮೂರಿಗೆ ಬಂದು ತಾನೇ ಕಟ್ಟಿಸಿದರೆ ಅಡ್ಡಿಯಿಲ್ಲ, ಅವಸರವಿದ್ದರೆ ಹಾಗೇ ಮಾಡಿ.

ಖರ್ಚಿನ ರಸೀದಿಗಳನ್ನು ದಿನಾಂಕವಾರು ಅಂಟಿಸಿಡಿ. ಪ್ರತಿ ಆರ್ಥಿಕ ವರ್ಷದ ಲೆಕ್ಕವನ್ನು ಎಫ್‌ಸಿ-4 ನಮೂನೆಯಲ್ಲಿ ಡಿಸೆಂಬರ್ 31ರೊಳಗೆ ಸಲ್ಲಿಸಬೇಕು. ನೋಂದಣಿ ಪಡೆದವರು ಆ ವರ್ಷ ಏನೂ ಬಾರದಿದ್ದರೂ ‘ಶೂನ್ಯ’ ಎಂದು ಬರೆದು ಸಲ್ಲಿಸಲೇಬೇಕು.