‘ಯೆಸ್’ ಒತ್ತುವ ಮುನ್ನ

ಗಂಗಾವತಿಯ ರೈಸ್ ಮಿಲ್ಲಿರಲಿ, ಬಳ್ಳಾರಿಯ ಜೀನ್ಸ್ ಘಟಕವಿರಲಿ, ವಿಂಡೋಸ್ ಪರದೆ ಮಬ್ಬಾಗಿ ಅನುಮತಿ ಕೇಳಿದ ಕೂಡಲೇ ಗುಮಾಸ್ತರ ಕೈ ‘ಯೆಸ್’ ಮೇಲೆ. ತಡೆಯಿರಿ. ಪ್ರೋಗ್ರಾಂ ಹೆಸರು, ಪಬ್ಲಿಷರ್ ಸಾಲು ಓದಿ. ಮೇಲಿನ ಬಣ್ಣದ ಪಟ್ಟಿ ಹಳದಿಯಿದ್ದು ಪಬ್ಲಿಷರ್ ‘ಅನ್‌ನೋನ್’ ಎಂದಿದ್ದರೆ, ಅಥವಾ ನೀವೇನೂ ಮಾಡದಿರುವಾಗ ಕೇಳಿದರೆ, ‘ನೋ’. ನೀಲಿಯೆಂದರೆ ಡಿಜಿಟಲ್ ಸಹಿ ತಾಳೆಯಾಗಿದೆ ಅಷ್ಟೇ, ಸಾಚಾ ಅಂತಲ್ಲ.

ಕಿರಿಕಿರಿ ಎಂದು ಇದನ್ನೇ ಆಫ್ ಮಾಡಿಕೊಡುವ ರಿಪೇರಿಯವರುಂಟು! ಸ್ಟಾರ್ಟ್‌ನಲ್ಲಿ ‘ಯುಎಸಿ’ (UAC, ಯೂಸರ್ ಅಕೌಂಟ್ ಕಂಟ್ರೋಲ್, ಅಂದರೆ ಈ ಅನುಮತಿ ಕೇಳುವ ವ್ಯವಸ್ಥೆ) ಹುಡುಕಿ. 4 ಹಂತಗಳಲ್ಲಿ ಮೇಲಿನಿಂದ 2ನೆಯದಕ್ಕಿಂತ ಕೆಳಗಿಳಿಸಬೇಡಿ. 3ರಲ್ಲಿ ಪರದೆ ಮಬ್ಬಾಗದು, ಬೇರೆ ಪ್ರೋಗ್ರಾಂ ನಡುವೆ ಕೈಯಾಡಿಸಬಹುದು.

ಇದಕ್ಕಿಂತ ಗಟ್ಟಿ ಉಪಾಯ: ಗುಮಾಸ್ತರಿಗೆ ಅಡ್ಮಿನ್ ಹಕ್ಕಿಲ್ಲದ ಸ್ಟ್ಯಾಂಡರ್ಡ್ ಅಕೌಂಟ್, ಅಡ್ಮಿನ್ ಪಾಸ್‌ವರ್ಡ್ ಸಾವುಕಾರರ ಬಳಿ. ಆಗ ಬರೀ ‘ಯೆಸ್’ ಸಾಲದು. ಆದರೂ ಫೈಲ್‌ಗಳಿಗೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರ್‌ಗೆ ನಿಮ್ಮ ಲೆಕ್ಕದ ಫೈಲ್ ಕೆಡಿಸಲು ಅಡ್ಮಿನ್ ಅನುಮತಿಯೇ ಬೇಕಿಲ್ಲ. ಹೊರಗಿನ ಡ್ರೈವ್‌ಗೆ ಬ್ಯಾಕಪ್ ತೆಗೆದು ಅದನ್ನು ಕಳಚಿಡಿ.