ಹೊರಜಿಲ್ಲೆಯ ನಾಕಾಬಂದಿಯಲ್ಲಿ ಕೋವಿಯ ದಾಖಲೆ ತೋರಿಸಿದ ನನ್ನ ಅನುಭವ

ಕಳೆದ ತಿಂಗಳು ರಿಪೇರಿಗೆ ಕೊಟ್ಟಿದ್ದ ಅಜ್ಜನ ಜೋಡುನಳಿಗೆ ಕೋವಿಯನ್ನು ಬೆಂಗಳೂರಿನಿಂದ ವಿರಾಜಪೇಟೆಗೆ ತರುತ್ತಿದ್ದಾಗ ರಾತ್ರಿ ಹನ್ನೊಂದರ ಸುಮಾರಿಗೆ ಪೊಲೀಸರು ಕಾರು ನಿಲ್ಲಿಸಿದರು. ಹತ್ತು ನಿಮಿಷದಲ್ಲಿ ಬಿಟ್ಟರು. ನಮ್ಮಂಥ ಕೊಡವ ಕುಟುಂಬಗಳಿಗೆ ಕೋವಿಗೆ ಲೈಸೆನ್ಸ್ ಬೇಕಿಲ್ಲ, ಅದರ ಬದಲು ಜಿಲ್ಲಾಧಿಕಾರಿಗಳು ಕೊಟ್ಟ ವಿನಾಯಿತಿ ಪತ್ರ ಇರುತ್ತದೆ. ‘ಕೊಡಗು ದಾಟಿದರೆ ವಿನಾಯಿತಿ ಪತ್ರಕ್ಕೆ ಬೆಲೆಯಿಲ್ಲ’ ಎಂದು ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ವರ್ಷಗಟ್ಟಲೆ ವಾದಿಸಿದ ಭಾವ ಪಕ್ಕದಲ್ಲೇ ಕುಳಿತು ನೋಡಿದರು.

ಆರು ವರ್ಷದ ಹಿಂದೆ ಹೀಗಾಗಿರಲಿಲ್ಲ. ಅಂದು ಕೈಯಲ್ಲಿದ್ದದ್ದು ಜೆರಾಕ್ಸ್ ಪ್ರತಿ ಮಾತ್ರ. ‘ಲೈಸೆನ್ಸ್ ಎಲ್ಲಿ?’ ಎಂದು ಕೇಳಿದ್ದಕ್ಕೆ ‘ನಮಗೆ ಲೈಸೆನ್ಸ್ ಇಲ್ಲ, ವಿನಾಯಿತಿ ಇದೆ’ ಎಂದೆ. ಅವರ ಕಿವಿಗೆ ಬಿದ್ದದ್ದು ‘ಲೈಸೆನ್ಸ್ ಇಲ್ಲ’ ಎಂಬ ಎರಡೇ ಪದ. ಕೋವಿ ಮೂರು ದಿನ ಠಾಣೆಯಲ್ಲಿ ಉಳಿಯಿತು. ವಕೀಲರು, ಲಾಡ್ಜು, ಓಡಾಟ ಎಲ್ಲ ಸೇರಿ ಹದಿನಾಲ್ಕು ಸಾವಿರದಷ್ಟು ಹೋಯಿತು. ತಪ್ಪು ನನ್ನದೂ ಹೌದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಕಾಗದ ಕೇಳುವ ಅಧಿಕಾರ ಅವರಿಗಿದೆ.

ಈಗ ಅವರು ಹುಡುಕುವ ಮೊದಲೇ ನಾನೇ ಹೇಳುತ್ತೇನೆ: ‘ಸರ್, ಡಿಕ್ಕಿಯಲ್ಲಿ ಕೋವಿ ಇದೆ, ತೋಟಾ ತುಂಬಿಲ್ಲ, ಜಿಲ್ಲಾಧಿಕಾರಿಗಳ ಪತ್ರ ಇದೆ.’ ‘ವಿನಾಯಿತಿ’ ಎಂಬ ಪದ ಆಮೇಲೆ ಬರುತ್ತದೆ. ಕೋವಿಯನ್ನು ನಾನು ಮುಟ್ಟುವುದಿಲ್ಲ, ಅವರು ಹೇಳಿದಾಗಷ್ಟೇ ಡಿಕ್ಕಿ ತೆಗೆಯುತ್ತೇನೆ.

ಅವರು ನಿಜಕ್ಕೂ ನೋಡುವುದು ಹೆಸರು ಮತ್ತು ಮುಖ, ಕೋವಿಯ ಮೇಲಿನ ಸಂಖ್ಯೆ, ತೋಟಾಗಳ ಲೆಕ್ಕ. ನಾನು ಎರಡನೇ ಬಾರಿ ಸೋತದ್ದು ಸಂಖ್ಯೆಯಲ್ಲಿ. ಅಜ್ಜನ ಕೋವಿಯ ಸಂಖ್ಯೆ ತುಕ್ಕು ಹಿಡಿದು ಮಸುಕಾಗಿತ್ತು. ಟಾರ್ಚ್ ಬೆಳಕಿನಲ್ಲಿ 3 ಎಂಬುದು 8ರಂತೆ ಕಂಡು ಬೆಳಗಿನವರೆಗೆ ಕೂರಿಸಿದರು. ಈಗ ಆ ಜಾಗವನ್ನು ಸೀಮೆಎಣ್ಣೆ ಹಚ್ಚಿ ಮೃದುವಾಗಿ ಉಜ್ಜಿ ಸ್ವಚ್ಛವಾಗಿ ಇಟ್ಟಿದ್ದೇನೆ. ಹಗಲಿನಲ್ಲಿ ತೆಗೆದ ಅದರ ದೊಡ್ಡ ಫೋಟೊ ಫೈಲಿನಲ್ಲಿದೆ.

ಮೂಲ ಪತ್ರವನ್ನು ಲ್ಯಾಮಿನೇಟ್ ಮಾಡಿಸಬೇಡಿ. ನಾನು ಮಾಡಿಸಿ ಕೆಟ್ಟೆ: ಆಮೇಲೆ ಅದರ ಮೇಲೆ ಮೊಹರು ಕೂರಲಿಲ್ಲ. ಹೊಸ ಪತ್ರಕ್ಕೆ ಎರಡು ತಿಂಗಳು ಅಲೆದೆ. ಎಲ್ಲವನ್ನೂ ಮೊಬೈಲಿಗೆ ಹಾಕಿ ಕ್ಯೂಆರ್ ಕೋಡ್ ಮಾಡಿಸುವ ಪ್ರಯೋಗಕ್ಕೂ ಎರಡು ಸಾವಿರ ಸುರಿದೆ. ಒಬ್ಬ ಪೇದೆಯೂ ಅದನ್ನು ಸ್ಕ್ಯಾನ್ ಮಾಡಲಿಲ್ಲ. ರಸ್ತೆಯಲ್ಲಿ ಕಾಗದವೇ ನಡೆಯುತ್ತದೆ.

ಆಟ ಗೆಲ್ಲಿಸಿದ್ದು ಕೇಂದ್ರ ಸರ್ಕಾರದ ಅಧಿಸೂಚನೆಯ ಪ್ರತಿ. ‘ಇದು ಕೊಡಗಿನೊಳಗೆ ಮಾತ್ರವಲ್ಲವೇ?’ ಎಂದು ಎಲ್ಲರೂ ಕೇಳುತ್ತಾರೆ. 1963ರ ಅಧಿಸೂಚನೆಯಲ್ಲೇ ಉತ್ತರವಿದೆ. ಜಿಲ್ಲೆಯ ಹೊರಗೆ ಹೋಗುವಾಗ ಒಂದು ರೈಫಲ್ ಹಾಗೂ ನೂರು ಗುಂಡು, ಒಂದು ನುಣುಪು ನಳಿಗೆಯ ಕೋವಿ ಹಾಗೂ ಐನೂರು ತೋಟಾ ಮೀರಬಾರದು ಎಂದಷ್ಟೇ ಅದರ ಷರತ್ತು. ಆ ಸಾಲಿಗೆ ಕೆಂಪು ಗೆರೆ ಎಳೆದು, ಕೆಳಗೆ ಕನ್ನಡದಲ್ಲಿ ಬರೆದಿದ್ದೇನೆ. ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿದ 2019ರ ಆದೇಶ, ಅದನ್ನು ಎತ್ತಿಹಿಡಿದ 2021ರ ಹೈಕೋರ್ಟ್ ತೀರ್ಪಿನ ಮೊದಲ ಪುಟ ಅದರ ಹಿಂದಿವೆ. ಹೊರಡುವ ಮುನ್ನ ನಮ್ಮ ಠಾಣೆಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳುತ್ತೇನೆ. ಕಳೆದ ತಿಂಗಳು ಕಾರು ನಿಲ್ಲಿಸಿದ ಅಧಿಕಾರಿ ಅದರಲ್ಲಿದ್ದ ಠಾಣೆಯ ಸಂಖ್ಯೆಗೆ ಕರೆ ಮಾಡಿ ಕೇಳಿದ್ದೇ ತಡ, ಕೋವಿ ಕೈಗೆ ಬಂತು. ಆ ಅರ್ಜಿಯನ್ನು ಹೇಗೆ ಬರೆಯುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದಕ್ಕೆ ನಾಲ್ಕು ವರ್ಷ ತಿದ್ದಿದ್ದೇನೆ.

ದಾರಿಯ ವಿಷಯ ಬೇರೆಯೇ ಇದೆ. ಗೋಣಿಕೊಪ್ಪದಿಂದ ಆನೆಚೌಕೂರಿನ ಮೇಲೆ ಹುಣಸೂರು ಹತ್ತಿರ. ಆದರೆ ಆ ದಾರಿ ನಾಗರಹೊಳೆ ಕಾಡಿನ ಮೂಲಕ ಹೋಗುತ್ತದೆ. ರಕ್ಷಿತ ಕಾಡಿಗೆ ಅನುಮತಿಯಿಲ್ಲದೆ ಆಯುಧ ಒಯ್ದರೆ ವನ್ಯಜೀವಿ ಕಾಯ್ದೆ ಬೀಳುತ್ತದೆ, ಅಲ್ಲಿ ನನ್ನ ಫೈಲು ಉಪಯೋಗಕ್ಕೆ ಬಾರದು. ಕೋವಿ ಇದ್ದರೆ ನಾನು ಸಿದ್ದಾಪುರ, ಕುಶಾಲನಗರದ ಮೇಲೆಯೇ ಹೋಗುತ್ತೇನೆ. ಚುನಾವಣೆ ಘೋಷಣೆಯಾದರೆ ಕೋವಿಯನ್ನು ಹೊರಗೇ ತೆಗೆಯುವುದಿಲ್ಲ.

ಮರುದಿನ ಭಾವ ತಮ್ಮ ಕಾಗದಗಳನ್ನೆಲ್ಲ ತಂದು ಮೇಜಿನ ಮೇಲಿಟ್ಟರು. ಅವರ ಕೋವಿಯ ಸಂಖ್ಯೆಯೂ ತುಕ್ಕು ಹಿಡಿದಿದೆ. ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ತೊಳೆಯುವಾಗ ಅದನ್ನೂ ಉಜ್ಜಿಕೊಡುವುದಾಗಿ ಹೇಳಿದ್ದೇನೆ.